ವಿಯೆನ್ನಾದಲ್ಲಿ ಚಪ್ಪಲಿ ಸ್ಟ್ಯಾಂಡ್

"ಚಪ್ಪಲಿ ಎಲ್ಲೋ ಬಿಡೋದು?" ಎಂದು ವಿಯೆನ್ನಾದ ಅರಮನೆಯ ಬಾಗಿಲಲ್ಲಿ ನಮ್ಮತ್ತೆ ತಮ್ಮ ಮಗನನ್ನು ಕೇಳುವ ಹೊತ್ತಿಗೆ ಅವರ ಶೂಗಳು ಆಗಲೇ ಕೈಗೆ ಬಂದಿದ್ದವು. ಮೈಸೂರು ಅರಮನೆಗೆ ಜೀವಮಾನವಿಡೀ ಬರಿಗಾಲಲ್ಲೇ ಹೋಗಿಬಂದವರಿಗೆ, ಅರಮನೆ ಎಂದಮೇಲೆ ಆಚೆ ಚಪ್ಪಲಿ ಸ್ಟ್ಯಾಂಡ್ ಇರಲೇಬೇಕು.

ಈ ಯುರೋಪ್ ಪ್ರವಾಸದಲ್ಲಿ ರೋಮ್‌ನಿಂದ ಪ್ರಾಗ್‌ವರೆಗೆ ಯಾವ ಕಟ್ಟಡ ಕಂಡರೂ "ನಮ್ಮ ಅರಮನೆ ಮುಂದೆ ಇದ್ಯಾವ ಲೆಕ್ಕ ಕಣೇ" ಎಂದು ಮೂಗು ಮುರಿಯುತ್ತಿದ್ದವರು ನಮ್ಮ ಯಜಮಾನರು. ಆ ಅರಮನೆಯ ಮರ್ಯಾದೆಯನ್ನು ನಿಜಕ್ಕೂ ತೋರಿಸುವ ಗಳಿಗೆ ಬಂದಾಗ ಅವರಿಗೆ ಬೆವರು ಕಿತ್ತುಕೊಂಡು ಬಂತು. "ಅಮ್ಮ, ಮಾನ ಕಳೀಬೇಡ, ಹಾಕ್ಕೊಂಡ್ಬುಡು" ಎಂದು ಪಿಸುಗುಟ್ಟಿ, ನಮ್ಮ ಗುರುತೇ ಇಲ್ಲದವರಂತೆ ಚಾವಣಿಯ ಚಿತ್ತಾರ ನೋಡುತ್ತಾ ನಿಂತರು.

"ರಾಜರ ಮನೆಗೆ ಹಾಕ್ಕೊಂಡು ನುಗ್ಗೋಕಾಗುತ್ತೇನೋ?" ಅತ್ತೆ ಜಗ್ಗಲಿಲ್ಲ.

ಬಾಗಿಲಲ್ಲಿ ಕುಳಿತಿದ್ದ ವಯಸ್ಸಾದ ಕಾವಲುಗಾರನಿಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಆತ ನಗಲಿಲ್ಲ. ಎದ್ದು, ಎರಡೂ ಕೈಯಲ್ಲಿ ಆ ಶೂಗಳನ್ನು ಇಸಿದುಕೊಂಡು ತನ್ನ ಕುರ್ಚಿಯ ಕೆಳಗೆ ಜೋಡಿಸಿಟ್ಟು, ತಲೆಬಾಗಿ ಒಳಗಿನ ದಾರಿ ತೋರಿಸಿದ. ಅತ್ತೆ ಕಾಲುಚೀಲದಲ್ಲೇ ಮಹಾರಾಣಿಯ ಹಾಗೆ ಸಾಗಿದರು.

ಈಗ ಮೈಸೂರಿನ ಯಾದವಗಿರಿಯ ನಮ್ಮ ಮನೆಗೆ ಯಾರೇ ಬರಲಿ, ಯಜಮಾನರು ಕಾಫಿಗೂ ಮೊದಲು ಈ ಕಥೆ ಬಡಿಸುತ್ತಾರೆ. ಹೇಳಿ ಹೇಳಿ ಅದೆಷ್ಟು ಹದಕ್ಕೆ ಬಂದಿದೆಯೆಂದರೆ, ಅದರಲ್ಲಿ ಅತ್ತೆ ಶೂ ಹಾಕಿಕೊಂಡೇ ಇರುತ್ತಾರೆ. ಬಿಚ್ಚಿ ಕೈಯಲ್ಲಿ ಹಿಡಿದವರು ಇವರೇ.