ಇಳಿಯುವವರನ್ನು ಕೇಳುವ ಲಿಫ್ಟಕ್ಕ

ಆಸ್ಪತ್ರೆಯ ಹಿಂಬದಿಯ ಗೋಡೆಗೆ ಇನ್ನೂ ಸರಿಯಾಗಿ ಬೆಳಕು ಹತ್ತಿಲ್ಲ. ನೆಲಮಹಡಿಯ ಹಳೆಯ ಲಿಫ್ಟಿನ ಜಾಲರಿ ಬಾಗಿಲನ್ನು ಎರಡೂ ಕೈಯಿಂದ ಎಳೆದು, ಸ್ಟೂಲನ್ನು ಒಳಗಿಟ್ಟು, ಆಕೆ ಒದ್ದೆ ಬಟ್ಟೆಯಲ್ಲಿ ಗುಂಡಿಗಳನ್ನು ಒರೆಸುತ್ತಿದ್ದಾರೆ. ಮೂರನೆಯ ಮಹಡಿಯ ಗುಂಡಿಯ ಮೇಲಿನ ಅಂಕಿ ಸವೆದು ಮಾಯವಾಗಿದೆ. ಅಲ್ಲಿರುವುದು ಹೆರಿಗೆ ವಾರ್ಡು. "ಗಾಬರೀಲಿ ಬರೋ ಗಂಡಂದಿರು ಒಂದು ಸಲ ಒತ್ತಿ ಸುಮ್ಮನಿರಲ್ಲ. ಒತ್ತಿದಷ್ಟೂ ಬೇಗ ಹೋಗುತ್ತೆ ಅಂತ ಅವರ ಲೆಕ್ಕ" ಎಂದು ನಗುತ್ತಾರೆ.

ಮೇಲಿನಿಂದ ಗಂಟೆ ಬಾರಿಸುತ್ತದೆ. ಲಿಫ್ಟು ಮೇಲೆ ಹೋಗಿ ನಿಂತಾಗ ರಾತ್ರಿಪಾಳಿ ಮುಗಿಸಿದ ನರ್ಸೊಬ್ಬಳು ಚಪ್ಪಲಿ ಎಳೆಯುತ್ತಾ ಒಳಗೆ ಬಂದು ಗೋಡೆಗೆ ಒರಗುತ್ತಾಳೆ. "ಕಣ್ಣು ನೋಡು, ಕೆಂಡ ಆಗಿದೆ. ಮನೆಗೆ ಹೋದ ತಕ್ಷಣ ಮಲಗು" ಎನ್ನುತ್ತಾರೆ ಆಕೆ. "ಹೂಂ ಅಕ್ಕ." ಒಂದು ಮಹಡಿ ಕಳೆಯುತ್ತದೆ. "ನಿನ್ನ ಮಗಂಗೆ ಚಿಕ್ಕದಾಗಿರೋ ಸ್ವೆಟರ್ ಏನಾದ್ರೂ ಇದ್ಯಾ? ಹಿಂದಿನ ಮನೇಲಿ ಒಂದು ಕೂಸು ಚಳಿಗೆ ನಡುಗ್ತಿದೆ." ನರ್ಸಿನ ಮುಖದಲ್ಲಿ ಆಯಾಸದ ನಡುವೆಯೂ ನಗೆಯೊಂದು ಮೂಡುತ್ತದೆ. "ನೀನು ಬಾಯಿ ತೆಗೆದಾಗಲೇ ಅಂದ್ಕೊಂಡೆ. ನಾಳೆ ತರ್ತೀನಿ ಬಿಡು." ಲಿಫ್ಟು ನೆಲ ಮುಟ್ಟುವ ಹೊತ್ತಿಗೆ ಕೂಸಿಗೆ ಸ್ವೆಟರ್ ಸಿಕ್ಕಾಗಿದೆ.

ಈ ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಲಿಫ್ಟಕ್ಕ ಎಂದೇ. ಸಂಬಳ ಸಿಗುವುದು ಜನರನ್ನು ಮೇಲೆ ಕೆಳಗೆ ಸಾಗಿಸುವುದಕ್ಕೆ. ಹಾಗೆ ಸಾಗಿಸುವಾಗ ಸಿಗುವ ಅರೆನಿಮಿಷದಲ್ಲಿ ಮಾಡುವ ಇನ್ನೊಂದು ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೊಂದು ತಂಗುಮನೆ ಇದೆ. ದೂರದಿಂದ ಬಂದ ರೋಗಿಗಳ ಜೊತೆಗಾರರು ಅಲ್ಲಿ ಮಲಗಬಹುದು, ಸ್ನಾನ ಮಾಡಬಹುದು, ಬಿಸಿ ಊಟ ಉಣ್ಣಬಹುದು. ಕಾಸು ಕೇಳುವುದಿಲ್ಲ. ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಒಬ್ಬರು ನಾಲ್ಕಾರು ಗೆಳತಿಯರನ್ನು ಕಟ್ಟಿಕೊಂಡು ಅದನ್ನು ನಡೆಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಅದು 'ಹಿಂದಿನ ಮನೆ'. ಆ ಮನೆಯತ್ತ ಒಮ್ಮೆಯೂ ತಿರುಗಿ ನೋಡದಿದ್ದ ಆಸ್ಪತ್ರೆಯ ನೌಕರರನ್ನು ಒಬ್ಬೊಬ್ಬರನ್ನೇ ಅದರ ನೆಂಟರನ್ನಾಗಿ ಮಾಡಿದವರು ಲಿಫ್ಟಕ್ಕ.

ಆಕೆಗೂ ಆ ಮನೆಗೂ ಇರುವುದು ಹಳೆಯ ನಂಟು. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು. ಒಂದು ದಿನ ಗೋಡೆಗೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಇದೇ ಆಸ್ಪತ್ರೆ ಸೇರಿದರು. ಗಂಡಸರ ವಾರ್ಡಿನಲ್ಲಿ ಹೆಂಗಸರು ರಾತ್ರಿ ಉಳಿಯುವಂತಿಲ್ಲ. ಆಕೆ ಮೆಟ್ಟಿಲ ಮೂಲೆಯಲ್ಲಿ ಸೀರೆಯ ಸೆರಗನ್ನೇ ಹೊದ್ದು ಮಲಗುತ್ತಿದ್ದರು. ಕಾವಲಿನವನು ಬಂದು ಎಬ್ಬಿಸಿದರೆ ಇನ್ನೊಂದು ಮೂಲೆ. ಹಾಗೆ ಮೂಲೆಯಿಂದ ಮೂಲೆಗೆ ಅಲೆಯುತ್ತಿದ್ದವರನ್ನು ಒಂದು ಸಂಜೆ ಟೀಚರಮ್ಮ ಕೈಹಿಡಿದು ಕರೆದೊಯ್ದು ಒಂದು ಚಾಪೆ ಕೊಟ್ಟರು. "ಅವತ್ತು ನಾನು ಕಾಲು ಚಾಚಿ ಮಲಗಿದ್ದು. ಎಷ್ಟೋ ದಿನದ ಮೇಲೆ. ಕಾಲು ಚಾಚೋದು ಅಷ್ಟು ದೊಡ್ಡ ಸುಖ ಅಂತ ಅವತ್ತೇ ಗೊತ್ತಾಗಿದ್ದು ನಂಗೆ."

ಗಂಡ ಬದುಕಿದರು, ಆದರೆ ಏಣಿ ಹತ್ತುವ ಕೆಲಸ ಮುಗಿದುಹೋಯಿತು. ಈಗ ಮನೆಯ ಜಗಲಿಯಲ್ಲಿ ಕುಳಿತು ಕೊಡೆ ರಿಪೇರಿ ಮಾಡುತ್ತಾರೆ, ಅಡುಗೆಯೂ ಅವರದೇ. ಕಾಲು ಸ್ವಲ್ಪ ಎಳೆದರೂ ನಾಲಿಗೆಗೆ ಏನೂ ಆಗಿಲ್ಲ. "ನಮ್ಮನೆ ಒಂದೇ ಅಂತಸ್ತು, ಲಿಫ್ಟಿಲ್ಲ. ಅದಕ್ಕೇ ನಾನಿನ್ನೂ ಬಚಾವಾಗಿದ್ದೀನಿ" ಎಂದು ಹೆಂಡತಿಯನ್ನು ಛೇಡಿಸುತ್ತಾರೆ.

ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಆಕೆಗೆ ಹೊಳೆದದ್ದು ಒಂದೇ: ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ದಿನಕ್ಕೊಮ್ಮೆಯಾದರೂ ತನ್ನ ಈ ಪುಟ್ಟ ಕೋಣೆಯಲ್ಲಿ ನಿಲ್ಲಲೇಬೇಕು. ಎರಡು ಮಹಡಿಗಳ ನಡುವೆ ಯಾರೂ ಓಡಿಹೋಗುವಂತಿಲ್ಲ! ಹಾಗಂತ ಸಿಕ್ಕಿದವರ ಮೇಲೆ ಬೀಳುವುದಿಲ್ಲ. ಮೇಲೆ ಹೋಗುವವರನ್ನು ಆಕೆ ಏನೂ ಕೇಳುವುದಿಲ್ಲ. "ಹತ್ತೋವಾಗ ಅವರ ತಲೆ ತುಂಬ ರೋಗಿ ಇರ್ತಾರೆ. ಇಳಿಯೋವಾಗ ಮನೆ ನೆನಪಾಗುತ್ತೆ, ಆವಾಗ ಮನುಷ್ಯ ಮೆತ್ತಗಿರ್ತಾನೆ." ರೋಗಿಗಳನ್ನೂ ಅವರ ಕಡೆಯವರನ್ನೂ ಎಂದೂ ಕೇಳಿಲ್ಲ. ಇಲ್ಲ ಎಂದವರನ್ನು ಮತ್ತೊಮ್ಮೆ ಕೇಳುವುದಿಲ್ಲ, ಆದರೆ ಅವರ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸುವುದನ್ನು ಬಿಡುವುದಿಲ್ಲ.

ಕೇಳುವುದೂ ದುಡ್ಡನ್ನಲ್ಲ, ಹೆಚ್ಚಾಗಿ ಕೈಯನ್ನು. ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವಾತ ಹಿಂದಿನ ಮನೆಯ ಕೆಟ್ಟ ವೈರುಗಳನ್ನೆಲ್ಲ ಬದಲಾಯಿಸಿಕೊಟ್ಟ. ಔಷಧದ ಕೌಂಟರಿನವರು ವಾರಕ್ಕೊಮ್ಮೆ ಹೋಗಿ, ಓದಲು ಬಾರದವರಿಗೆ ಯಾವ ಮಾತ್ರೆ ಯಾವಾಗ ಎಂದು ಹೇಳಿಕೊಡುತ್ತಾರೆ. ಮೂಳೆ ಡಾಕ್ಟರೊಬ್ಬರು ತಮಗೆ ಪಾತ್ರೆ ತೊಳೆಯುವುದು ಬಿಟ್ಟು ಮನೆಗೆಲಸ ಯಾವುದೂ ಬರುವುದಿಲ್ಲ ಎಂದಾಗ, "ಅದೇ ಬೇಕಾಗಿದ್ದು ಡಾಕ್ಟ್ರೇ" ಎಂದು ಭಾನುವಾರ ಸಿಂಕಿನ ಮುಂದೆ ನಿಲ್ಲಿಸಿದರು.

ಹೋದ ವರ್ಷ ಹಿಂದಿನ ಮನೆಯ ಮಾಡು ಸೋರತೊಡಗಿದಾಗ ಮಾತ್ರ ಸ್ವೆಟರು, ಸಾಬೂನಿನಿಂದ ಕೆಲಸ ಆಗುವಂತಿರಲಿಲ್ಲ. ನೌಕರರೆಲ್ಲ ಸೇರಿ ಒಂದು ನಾಟಕ ಆಡಿ ಟಿಕೆಟ್ ಮಾರೋಣ ಎಂದು ಸೂಚಿಸಿದ್ದು ಲಿಫ್ಟಕ್ಕನೇ. ವಾಹನ ನಿಲ್ಲಿಸುವ ಜಾಗದಲ್ಲಿ ರಂಗ ಎದ್ದಿತು. ವಾರ್ಡ್‌ಬಾಯ್‌ಗಳು ಡಾಕ್ಟರಾದರು, ಡಾಕ್ಟರುಗಳು ರೋಗಿಗಳಾದರು. ಹೃದಯದ ಡಾಕ್ಟರು ಮಾತು ಮರೆತು ಪಿಳಿಪಿಳಿ ಕಣ್ಣು ಬಿಟ್ಟಾಗ, ಡಾಕ್ಟರ ಪಾತ್ರದ ವಾರ್ಡ್‌ಬಾಯ್ "ಇವರಿಗೆ ಜ್ಞಾಪಕಶಕ್ತಿಗೆ ಇಂಜೆಕ್ಷನ್ ಕೊಡಿ, ದಪ್ಪ ಸೂಜೀಲಿ" ಎಂದುಬಿಟ್ಟ. ಬೀದಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಡು ರಿಪೇರಿಯಾಯಿತು.

ಎಡವಟ್ಟಾದದ್ದು ಅದರ ನಂತರ. ನಾಟಕ ನೋಡಿ ಖುಷಿಯಾದ ಆಡಳಿತದ ದೊಡ್ಡ ಸಾಹೇಬರು ಒಂದು ಸುತ್ತೋಲೆ ಹೊರಡಿಸಿದರು: ಇನ್ನು ಮೇಲೆ ಎಲ್ಲ ನೌಕರರ ಒಂದು ದಿನದ ಸಂಬಳ ಪ್ರತಿ ತಿಂಗಳೂ ನೇರವಾಗಿ ಹಿಂದಿನ ಮನೆಗೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಮರುದಿನ ಬೆಳಿಗ್ಗೆ ಲಿಫ್ಟಿನೊಳಗೆ ಬಂದವರು ಯಾರೂ ಆಕೆಯ ಮುಖ ನೋಡಲಿಲ್ಲ. ಎಲ್ಲರೂ ಮೇಲಿನ ದೀಪ ನೋಡುತ್ತಾ ನಿಂತರು. "ಇದೆಲ್ಲ ಇವಳದೇ ಕಿತಾಪತಿ" ಎಂಬ ಪಿಸುಮಾತು ಬೆನ್ನ ಹಿಂದೆ ಕೇಳಿಸಿತು. ಎರಡನೆಯ ಮಹಡಿಯ ಆಯಾ, ಆಕೆಯ ಬಹುಕಾಲದ ಗೆಳತಿ, ತುಂಬಿದ ಬಕೆಟ್ಟನ್ನು ಹಿಡಿದು ಲಿಫ್ಟಿನ ಮುಂದೆಯೇ ಹಾದು ಮೆಟ್ಟಿಲು ಹತ್ತಿದಳು. ನೀರು ತುಳುಕುತ್ತಿತ್ತು. "ತಂಗೀ, ಬಾರೇ ಒಳಗೆ" ಎಂದರೂ ತಿರುಗಲಿಲ್ಲ.

"ಆ ಬಕೆಟ್ಟು ನೋಡಿ ನನ್ನ ಕರುಳು ಕಿತ್ತು ಬಂತು" ಎನ್ನುತ್ತಾರೆ ಲಿಫ್ಟಕ್ಕ. ಆ ಸಂಜೆ ಸಾಹೇಬರು ಐದನೆಯ ಮಹಡಿಯಿಂದ ಇಳಿಯುವಾಗ ಲಿಫ್ಟಿನಲ್ಲಿ ಇದ್ದದ್ದು ಇಬ್ಬರೇ. ಕೆಲಸ ಹೋದರೆ ಮನೆಯಲ್ಲಿ ಕೊಡೆ ರಿಪೇರಿಯೊಂದೇ ಗತಿ ಎಂಬುದು ಗೊತ್ತಿದ್ದೂ ಆಕೆ ಬಾಯಿ ತೆರೆದರು.

"ಸಾರ್, ಆ ಸುತ್ತೋಲೆ ತೆಗೆಸಿಬಿಡಿ."

"ಏನಮ್ಮ ಇದು? ನಿಮ್ಮ ಭಾರ ಕಡಿಮೆ ಆಗ್ಲಿ ಅಂತ ಮಾಡಿದ್ದಲ್ವಾ?"

"ಭಾರ ಕಡಿಮೆ ಆಗ್ಲಿಲ್ಲ ಸಾರ್, ಲಿಫ್ಟು ಖಾಲಿ ಆಯ್ತು."

"ಆ ಮನೆಗೆ ವರ್ಷವಿಡೀ ಚಿಂತೆ ಇರಲ್ಲ, ಅದನ್ನ ಯೋಚಿಸಿ."

"ದುಡ್ಡೇನೋ ಬರುತ್ತೆ ಸಾರ್. ಆದ್ರೆ ಕೈಯೆತ್ತಿ ಕೊಟ್ಟೋರಿಗೆ ಅದು ನಮ್ಮನೆ ಅನ್ಸುತ್ತೆ. ಕಿಸೆಗೆ ಕೈ ಹಾಕಿ ತಗೊಂಡ್ರೆ ದಂಡ ಕಟ್ಟಿದ ಜಾಗ ಅನ್ಸುತ್ತೆ. ನಾಳೆ ಅದರ ಮುಂದೆ ಹೋಗೋವಾಗ ಮುಖ ತಿರುಗಿಸ್ಕೊಂಡು ಹೋಗ್ತಾರೆ."

ನೆಲಮಹಡಿ ಬಂತು. ಬಾಗಿಲು ತೆಗೆದರೂ ಸಾಹೇಬರು ಇಳಿಯಲಿಲ್ಲ. ಹೊರಗೆ ನಿಂತವರು ಪರಸ್ಪರ ಮುಖ ನೋಡಿಕೊಂಡರು. "ಯಾರೂ ಕೊಡದೇ ಹೋದ್ರೆ?" ಎಂದು ಕೇಳಿದರು ಅವರು. "ಕೇಳೋಕೆ ನಾನಿದ್ದೀನಲ್ಲ ಸಾರ್." ಸಾಹೇಬರು ತಾವೇ ಜಾಲರಿ ಬಾಗಿಲನ್ನು ಎಳೆದು ಮುಚ್ಚಿ, "ಮತ್ತೆ ಮೇಲಕ್ಕೆ ಹೋಗೋಣ ನಡೀರಿ" ಎಂದರು. ತಮ್ಮ ಕೋಣೆಗೆ ಹಿಂತಿರುಗಿ ಅವರು ಸುತ್ತೋಲೆ ರದ್ದುಮಾಡಿದರು.

ಇದನ್ನು ಕೇಳಿ ಟೀಚರಮ್ಮ ಕೆಂಡವಾದರು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ಯಲ್ಲೇ! ಮುಂದಿನ ತಿಂಗಳು ಅಡುಗೆಗೆ ಏನು ಮಾಡ್ಲಿ? ನಿನ್ನ ನ್ಯಾಯವನ್ನ ಬೇಯಿಸಿ ಹಾಕ್ಲಾ?" ಎಂದರು. ಲಿಫ್ಟಕ್ಕ ಮನೆಗೆ ಬಂದು ಅತ್ತರು. ಆ ದಿನ ಗಂಡ ತಮಾಷೆ ಮಾಡಲಿಲ್ಲ. ತಟ್ಟೆಗೆ ಬಡಿಸಿ ಮುಂದಿಟ್ಟು, "ನೀನು ಕೇಳಿದ್ದಕ್ಕೆ ಕೊಟ್ಟೋರು, ನೀನು ಕೇಳಿದ್ರೆ ಮತ್ತೆ ಕೊಡ್ತಾರೆ. ಉಣ್ಣು" ಎಂದರಂತೆ.

ಒಂದಷ್ಟು ದಿನ ಕಷ್ಟವೇ ಆಯಿತು. ಸುತ್ತೋಲೆ ಹೋದರೂ ನೌಕರರ ಮುನಿಸು ಹೋಗಿರಲಿಲ್ಲ, ಹಿಂದಿನ ಮನೆಯ ರಾತ್ರಿಯೂಟ ತೆಳ್ಳಗಾಯಿತು. ಹೀಗಿರುವಾಗ ಒಂದು ಮಧ್ಯಾಹ್ನ ಆಯಾ ಬಕೆಟ್ ಸಮೇತ ಲಿಫ್ಟಿನೊಳಗೆ ಬಂದು ನಿಂತಳು. ಬಂದವಳೇ ಸಿಡುಕಿದಳು. "ಸಂಬಳ ಹಿಡೀತಾರೆ ಅಂತ ಸಿಟ್ಟು ಬಂದಿತ್ತು, ನಿಜ. ಅದಕ್ಕಿಂತ ಜಾಸ್ತಿ ನಿನ್ನ ಮೇಲೆ. ಇಷ್ಟು ವರ್ಷ ಎಲ್ಲರನ್ನೂ ಕೇಳಿದ್ದೀಯ. ನನ್ನನ್ನ ಒಂದು ದಿನ ಕೇಳಿದ್ಯಾ? ಇವಳ ಹತ್ರ ಕೊಡೋಕೆ ಏನಿದೆ ಅಂತ ತಾನೇ?"

ಲಿಫ್ಟಕ್ಕ ದಂಗಾದರು. ಬಡವಳಿಗೆ ತೊಂದರೆ ಕೊಡಬಾರದು ಎಂದುಕೊಂಡು ಕೇಳದೆ ಬಿಟ್ಟದ್ದು ಗೆಳತಿಗೆ ಹಾಗೆ ಕಂಡಿತ್ತು. "ತಪ್ಪಾಯ್ತು ಕಣೇ" ಎಂದರು. "ಈಗ ಕೇಳ್ತೀನಿ. ಏನು ಕೊಡ್ತೀಯ?" ಆಯಾ ಬಕೆಟ್ ಕೆಳಗಿಟ್ಟು, "ಅಲ್ಲಿರೋ ಹೆಂಗಸರ ತಲೆ ನೋಡಿದ್ಯಾ, ಎಣ್ಣೆ ಬಾಚಣಿಗೆ ಕಂಡು ಎಷ್ಟು ದಿನ ಆಯ್ತೋ. ಕೂರಿಸಿ ಜಡೆ ಹಾಕ್ತೀನಿ" ಎಂದಳು.

ಈಗ ಪಾಳಿ ಮುಗಿದ ಮೇಲೆ ಹಿಂದಿನ ಮನೆಯ ಮೆಟ್ಟಿಲ ಮೇಲೆ ಆಯಾ ಕುಳಿತಿರುತ್ತಾಳೆ. ಒಬ್ಬಳ ತಲೆ ಬಾಚುವಾಗ ಇನ್ನೊಬ್ಬಳು ಕಾಯುತ್ತಿರುತ್ತಾಳೆ. ತಲೆ ಬಾಚಿಸಿಕೊಳ್ಳುತ್ತಾ ಅವರು ಅಳುತ್ತಾರೆ, ಅತ್ತು ಹಗುರಾಗಿ ವಾರ್ಡಿಗೆ ಹೋಗುತ್ತಾರೆ. ಆಯಾ ಜಡೆ ಹಾಕುವುದನ್ನು ಕಂಡ ಬಟ್ಟೆ ಒಗೆಯುವ ವಿಭಾಗದವರು ತಾವೇ ಬಂದು ಹೊದಿಕೆಗಳ ಹೊಣೆ ಹೊತ್ತರು. ಲೆಕ್ಕಪತ್ರ ವಿಭಾಗದವರು ದಿನಸಿಗೆ ತಮ್ಮತಮ್ಮಲ್ಲೇ ಸರದಿ ಹಾಕಿಕೊಂಡರು. ರಾತ್ರಿಯೂಟ ಮತ್ತೆ ಹೊಟ್ಟೆ ತುಂಬುವಷ್ಟಾಯಿತು. ಸಾಹೇಬರ ಹೆಂಡತಿ ತರಕಾರಿ ಹೆಚ್ಚಲು ಬರುತ್ತಾರೆ, ಸಾಹೇಬರು ಚೀಲ ಹೊತ್ತು ಹಿಂದೆ ಬರುತ್ತಾರೆ. ಟೀಚರಮ್ಮ ಸೋತೆ ಎಂದು ಬಾಯಿಬಿಟ್ಟು ಹೇಳಿಲ್ಲ, ಆದರೆ ಲಿಫ್ಟಕ್ಕನಿಗೆ ದಿನವೂ ಒಂದು ಲೋಟ ಚಹಾ ಎತ್ತಿಡುತ್ತಾರೆ.

ಮುಂದಿನ ವರ್ಷ ಲಿಫ್ಟಕ್ಕ ನಿವೃತ್ತರಾಗುತ್ತಾರೆ. ಜಾಲರಿ ಬಾಗಿಲು ಹೋಗಿ, ತಾನೇ ತೆರೆದು ಮುಚ್ಚುವ ಹೊಸ ಲಿಫ್ಟು ಬರಲಿದೆ. ಅದಕ್ಕೆ ನಡೆಸುವವರು ಬೇಡ. ಬೇಸರವಿಲ್ಲವೇ ಎಂದರೆ ಆಕೆ ಸ್ಟೂಲಿನ ಮೇಲೆ ನೆಟ್ಟಗೆ ಕೂರುತ್ತಾರೆ. "ಲಿಫ್ಟು ತಾನಾಗೇ ಓಡುತ್ತಂತೆ, ಓಡ್ಲಿ ಬಿಡಿ. ಕೇಳೋ ಬಾಯಿ ಮಾತ್ರ ತಾನಾಗೇ ಹುಟ್ಟಲ್ಲ ನೋಡಿ. ಅದಕ್ಕೇ ಒಬ್ಬಳನ್ನ ತಯಾರು ಮಾಡಿದ್ದೀನಿ."

ಅಷ್ಟರಲ್ಲಿ ಹೊಸದಾಗಿ ಸೇರಿದ ಡಾಕ್ಟರೊಬ್ಬ ಮೆಟ್ಟಿಲ ಕಡೆಯಿಂದ ನಗುತ್ತಾ ಬರುತ್ತಾನೆ. ಲಿಫ್ಟಕ್ಕನ ಕೈಯಿಂದ ತಪ್ಪಿಸಿಕೊಳ್ಳಲು ಮೆಟ್ಟಿಲು ಇಳಿದು ಬಂದವನು. "ಅಲ್ಲೂ ಹಿಡಿದ್ರು ಅಕ್ಕ. ಭಾನುವಾರ ಮಕ್ಕಳಿಗೆ ಚಿತ್ರ ಬರೆಯೋದು ಹೇಳಿಕೊಡ್ಬೇಕಂತೆ" ಎನ್ನುತ್ತಾನೆ. ಅವನ ಹಿಂದೆ ಕೈಯೊರೆಸಿಕೊಳ್ಳುತ್ತಾ ಇಳಿದ ಆಯಾ ಲಿಫ್ಟಿನತ್ತ ನೋಡಿ ದನಿ ಎತ್ತರಿಸುತ್ತಾಳೆ. "ಯಾರು ಯಾರನ್ನ ತಯಾರು ಮಾಡಿದ್ದು? ನಾನೇ ಬಂದು ಬೈದಿದ್ದಕ್ಕೆ ನಿಂಗೆ ಬುದ್ಧಿ ಬಂದಿದ್ದು!"

"ಹೌದು, ಅದೂ ನಿಜ" ಎನ್ನುತ್ತಾರೆ ಲಿಫ್ಟಕ್ಕ. ಮುಖ ಅರಳಿದೆ. ಮೇಲಿನಿಂದ ಗಂಟೆ ಬಾರಿಸುತ್ತದೆ, ಯಾರೋ ಇಳಿಯುವವರಿದ್ದಾರೆ.