ಚರಂಡಿಯ ಆಚೆ ಸಂದ ತೆರಿಗೆ

ಆ ಓಣಿಯ ಅಗಲ ಎಷ್ಟೆಂದು ಕೇಳಿದರೆ ಅಲ್ಲಿಯವರು ಅಡಿ, ಅಂಗುಲದ ಲೆಕ್ಕ ಹೇಳುವುದಿಲ್ಲ. ಈ ಮನೆಯವರು ಸೀನಿದರೆ ಎದುರು ಮನೆಯವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ಅಗಲ ಎನ್ನುತ್ತಾರೆ. ನಡುವೆ ಒಂದು ಚರಂಡಿ. ಚರಂಡಿಯ ಎಡಕ್ಕೆ ನಾಲ್ಕನೇ ತೆರಿಗೆ ವಲಯ, ಬಲಕ್ಕೆ ಐದನೇ ವಲಯ. ಹಗಲೂ ರಾತ್ರಿ ಅಲ್ಲೇ ಓಡಾಡಿಕೊಂಡಿರುವ ಇಲಿಗಳಿಗೇ ಈ ಸಂಗತಿ ಗೊತ್ತಿರಲಿಲ್ಲ, ಇನ್ನು ಮುಳ್ಳಣ್ಣನಿಗೆ ಹೇಗೆ ಗೊತ್ತಾಗಬೇಕು?

ಮುಳ್ಳಣ್ಣ ಬಲಗಡೆಯ ಕಟ್ಟಡದ ನಾಲ್ಕನೇ ಮಹಡಿಯವನು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ. ಜನ ಫೋನಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿ, ಉಳಿದ ಬಿಡಿಭಾಗಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಬಂದು ಆನ್‌ಲೈನಿನಲ್ಲಿ ಮಾರಲು ಕೂತ. ಹಳೇ ಗೋಡೆ ಗಡಿಯಾರದ ಮುಳ್ಳು, ಕೀಲಿಕೈ, ಸ್ಪ್ರಿಂಗು, ಲೋಲಕ. ಮುಳ್ಳು ಮಾರಿ ಮಾರಿ ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಜಗತ್ತಿನಲ್ಲಿ ಕೆಟ್ಟು ನಿಂತ ಗಡಿಯಾರಗಳೆಲ್ಲ ಅವನ ವಿಳಾಸವನ್ನೇ ಹುಡುಕಿಕೊಂಡು ಬರುತ್ತಿದ್ದವು. ಮನೆಯಲ್ಲಿ ಇನ್ನೂರ ಹನ್ನೆರಡು ಡ್ರಾಯರುಗಳಿದ್ದವು. ಹೆಂಡತಿ ಉಪ್ಪಿಗೆಂದು ಕೈಹಾಕಿದರೆ ಸ್ಪ್ರಿಂಗು ಸಿಗುತ್ತಿತ್ತು.

ಕಟ್ಟಡಕ್ಕೆ ಲಿಫ್ಟ್ ಇಲ್ಲ. ಎಂಬತ್ತೆಂಟು ಮೆಟ್ಟಿಲು. ಹತ್ತಿ ಬಂದವರಿಗೆ ಬಂದ ಕಾರಣ ಮರೆತುಹೋಗುತ್ತದೆ. ಇಳಿದು ಹೋದ ಮೇಲೆ ನೆನಪಾಗುತ್ತದೆ. ಇದರ ಮೇಲೆ ಕೊರಿಯರ್‌ನವನ ಮಂಡಿ. ಅದು ಎಂಥ ಮಂಡಿ ಎಂದರೆ ಮೆಟ್ಟಿಲು ಕಂಡರೆ ಸಾಕು ಕಟಕಟ ಎನ್ನುತ್ತಿತ್ತು, ಆ ಸದ್ದಿಗೆ ಮೂರು ಓಣಿ ಆಚೆಯ ನಾಯಿಗಳು ಬೊಗಳುತ್ತಿದ್ದವು. "ಅಣ್ಣಾ, ನೀನು ಚಿನ್ನ ಮಾರಿದ್ರೂ ನಾನು ಹತ್ತಲ್ಲ" ಎಂದು ಮೊದಲ ದಿನವೇ ಕೈಮುಗಿದುಬಿಟ್ಟ.

ಆಗ ದಾರಿ ತೋರಿಸಿದವಳು ಅಕ್ಕ. ಮುಳ್ಳಣ್ಣನ ಒಡಹುಟ್ಟಿದ ಅಕ್ಕ, ಗಂಡನನ್ನು ಕಳೆದುಕೊಂಡವಳು, ಎದುರು ಸಾಲಿನ ನೆಲಮಹಡಿಯಲ್ಲಿ ಒಬ್ಬಳೇ ಇರುವವಳು. "ಹಗ್ಗ ಕಟ್ಟೋ ತಮ್ಮಾ. ಬುಟ್ಟೀಲಿಟ್ಟು ಇಳಿಸು. ನಾನು ಎತ್ತಿಟ್ಕೊಂಡು ಅವನಿಗೆ ಕೊಡ್ತೀನಿ. ನನಗೂ ಒಂದು ಕೆಲಸ ಆಗತ್ತೆ, ಗೋಡೆ ನೋಡ್ಕೊಂಡು ಎಷ್ಟೂಂತ ಕೂರಲಿ?" ಎಂದಳು.

ಬಾಲ್ಕನಿಯಿಂದ ಅವಳ ಕಿಟಕಿಯ ಸರಳಿಗೆ ಓರೆಯಾಗಿ ಹಗ್ಗ ಬಿತ್ತು. ಅದರ ಮೇಲೆ ರಾಟೆ, ರಾಟೆಗೆ ಬುಟ್ಟಿ, ಬುಟ್ಟಿಗೆ ಹಳೇ ಅಲಾರಾಂ ಗಡಿಯಾರದ ಗಂಟೆ. ನಾಲ್ಕು ಗಂಟೆಗೆ ಸರಿಯಾಗಿ ಬುಟ್ಟಿ ಟಣಟಣ ಎನ್ನುತ್ತ ಚರಂಡಿ ದಾಟಿ ಹೋಗುತ್ತಿತ್ತು. ಅದನ್ನು ನೋಡಿಯೇ ಓಣಿಯವರು ಒಲೆಯ ಮೇಲೆ ಚಹಾ ಇಡುತ್ತಿದ್ದರು.

ಮಾರಾಟದ ಆ್ಯಪ್ "ಸರಕನ್ನು ಎಲ್ಲಿಂದ ಎತ್ತಿಕೊಳ್ಳಬೇಕು?" ಎಂದು ಕೇಳಿತು. ಮುಳ್ಳಣ್ಣ ಅಕ್ಕನ ಮನೆಯ ವಿಳಾಸ ಬರೆದ. ಸತ್ಯವನ್ನೇ ಬರೆದ. ತೆರಿಗೆ ಕಟ್ಟುವ ತಲೆನೋವಿಗೆಂದು ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಒಂದನ್ನು ತಂದು ಅದಕ್ಕೆ ಜೋಡಿಸಿದ. ಹೆಂಡತಿ ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಳು. "ಚಹಾ ಕೇಳಲ್ಲ, ರಜಾ ಕೇಳಲ್ಲ, ಎದುರು ಮಾತಾಡಲ್ಲ. ಇಂಥವರು ಮನೇಲಿ ಒಬ್ಬರಾದ್ರೂ ಇರಬೇಕು ರೀ" ಎಂದು ಗಂಡನ ಮುಖ ನೋಡಿದಳು. ಆ ಗುಮಾಸ್ತ ಒಂದು ಮಾತನ್ನೂ ಕೇಳದೆ ಸರಕು ಎತ್ತುವ ವಿಳಾಸವನ್ನೇ ಅಂಗಡಿಯ ವಿಳಾಸ ಎಂದುಕೊಂಡ. ಮೂರು ವರ್ಷ, ಒಂದು ತಿಂಗಳೂ ತಪ್ಪದಂತೆ, ಮುಳ್ಳಣ್ಣನ ತೆರಿಗೆಯನ್ನು ಚರಂಡಿಯ ಆಚೆಯ ನಾಲ್ಕನೇ ವಲಯಕ್ಕೆ ಕಟ್ಟಿದ. ಪ್ರತಿ ತಿಂಗಳೂ ಹಸಿರು ಗುರುತು. ಆ ಹಸಿರು ಕಂಡಾಗಲೆಲ್ಲ ಮುಳ್ಳಣ್ಣನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಐದನೇ ವಲಯದಿಂದ ಕಾಗದ ಬಂದದ್ದು ಪರವಾನಗಿ ನವೀಕರಿಸುವ ತಿಂಗಳಲ್ಲಿ. ಮೂರು ವರ್ಷದಿಂದ ತಾವು ಒಂದು ಕಾಸನ್ನೂ ಕಟ್ಟಿಲ್ಲ, ಬಾಕಿ ಇಲ್ಲವೆಂಬ ಪತ್ರ ಮೂವತ್ತನೇ ತಾರೀಖಿನೊಳಗೆ ಪಡೆಯದಿದ್ದರೆ ಪರವಾನಗಿ ರದ್ದು. ಪರವಾನಗಿ ಹೋದರೆ ಆ್ಯಪ್ ಅವನ ಸರಕನ್ನೆಲ್ಲ ಅಳಿಸಿಹಾಕುತ್ತದೆ. ಆಮೇಲೆ ಇನ್ನೂರ ಹನ್ನೆರಡು ಡ್ರಾಯರುಗಳನ್ನು ಮುಂದಿಟ್ಟುಕೊಂಡು ಗಂಡ ಹೆಂಡತಿ ಏನು ತಿನ್ನಬೇಕು, ಮುಳ್ಳು ತಿನ್ನಬೇಕೆ?

ಮುಳ್ಳಣ್ಣ ಮೊದಲು ಗುಮಾಸ್ತನನ್ನೇ ಕೇಳಿದ. ಸಹಾಯದ ಕಿಟಕಿ ತೆರೆದು ಒಂದು ಬೆರಳಿನಲ್ಲಿ ಒತ್ತಿ ಒತ್ತಿ ಬರೆದ: ನನ್ನ ತೆರಿಗೆ ತಪ್ಪು ವಲಯಕ್ಕೆ ಹೋಗಿದೆ.

ನಿಮ್ಮ ಖಾತೆಯಲ್ಲಿ ಯಾವ ತಪ್ಪೂ ಕಂಡುಬಂದಿಲ್ಲ, ಎಂದು ಉತ್ತರ ಬಂತು.

ತಪ್ಪು ವಿಳಾಸದಲ್ಲಿದೆ.

ವಿಳಾಸ ಸರಿಯಾಗಿದೆ. ಅಂಥ ಮನೆ ಇದೆ.

ಮನೆ ಇದೆ ಸ್ವಾಮಿ, ಅದು ನನ್ನದಲ್ಲ!

ನಮ್ಮ ಸೇವೆ ನಿಮಗೆ ಹೇಗನಿಸಿತು? ದಯವಿಟ್ಟು ನಕ್ಷತ್ರ ಕೊಡಿ.

ಮರುದಿನ ತೆರಿಗೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತ. ಆ ಸಾಲು ಎಂಥದ್ದೆಂದರೆ ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದುಕೊಂಡು ನಿಂತವನನ್ನು ಸಂಜೆ ಹೆಂಡತಿ ಗುರುತು ಹಿಡಿಯಲಾರಳು. ನಾಲ್ಕನೇ ವಲಯದ ಕಿಟಕಿಯವನು, "ನಿಮ್ಮ ದುಡ್ಡು ನಮ್ಮ ಹತ್ರ ಇದೆ, ಇಲ್ಲ ಅನ್ನಲ್ಲ. ವಾಪಸ್ ಬರೋಕೆ ಹನ್ನೊಂದು ತಿಂಗಳು" ಎಂದ. ಐದನೇ ವಲಯದ ಕಿಟಕಿ ಅದೇ ಕೋಣೆಯಲ್ಲಿ, ಪಕ್ಕದ ಮೇಜಿನಲ್ಲಿತ್ತು. ಇಬ್ಬರೂ ಒಂದೇ ಗೋಂದಿನ ಬಾಟಲಿ ಬಳಸುತ್ತಿದ್ದರು.

"ಅವರ ಹತ್ರ ಇರೋದನ್ನ ನೀವು ಈ ಕಡೆ ಎಳ್ಕೊಂಡ್ರೆ ಆಗಲ್ವಾ?" ಎಂದು ಮುಳ್ಳಣ್ಣ ಕೇಳಿದ.

"ಗೋಂದು ಎಳ್ಕೋಬಹುದು ಯಜಮಾನ್ರೇ, ದುಡ್ಡು ಆಗಲ್ಲ" ಎಂದಳು ಐದನೇ ವಲಯದ ಗುಮಾಸ್ತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಮಾತನ್ನು ಮೊದಲು ಹೇಳಿದವನು ಈ ಎರಡು ಮೇಜುಗಳ ನಡುವೆಯೇ ನಿಂತಿದ್ದಿರಬೇಕು. ಮುಳ್ಳಣ್ಣನ ಮುಖ ನೋಡಿ ಆಕೆಗೆ ಪಾಪ ಎನಿಸಿತು. ದನಿ ತಗ್ಗಿಸಿ ಹೇಳಿದಳು: "ಒಂದು ದಾರಿ ಇದೆ. ಅಂಗಡಿ ಆ ಮನೇಲೇ ನಡೀತಿತ್ತು ಅಂತ ಬರೆದುಕೊಡಿ, ಆ ಮನೆ ಯಜಮಾನಿ ಸಹಿ ಹಾಕಲಿ. ಆಗ ಮೂರು ವರ್ಷ ಕಟ್ಟಿದ್ದೆಲ್ಲ ಸರಿಯಾಗೇ ಇದೆ ಅಂತಾಗತ್ತೆ. ತನಿಖೆಗೆ ನಮ್ಮ ಮೇಡಂ ಒಂದ್ಸಲ ಬಂದು ನೋಡ್ತಾರೆ ಅಷ್ಟೆ."

ಸಂಜೆ ಅಕ್ಕನ ಮನೆಯಲ್ಲಿ ಕೂತು ವಿಷಯ ಹೇಳಿದ. ಹೇಳಿ ಮುಗಿಸುವ ಮೊದಲೇ ಅಕ್ಕ ಪೆನ್ನು ಹುಡುಕುತ್ತಿದ್ದಳು.

"ಎಲ್ಲಿ ಸಹಿ ಹಾಕಬೇಕು, ತೋರಿಸು."

"ತಡಿ ಅಕ್ಕಾ. ಪೂರ್ತಿ ಕೇಳು."

"ಕೇಳೋದೇನಿದೆ? ಚಿಕ್ಕಂದಿನಿಂದ ನಿನ್ನ ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಕೊಂಡೇ ಬಂದಿದೀನಿ. ಅಪ್ಪನ ಗಡಿಯಾರ ಬಿಚ್ಚಿ ಹಾಳು ಮಾಡಿದ್ದು ನೀನು, ಕಿವಿ ಹಿಂಡಿಸ್ಕೊಂಡಿದ್ದು ನಾನು."

ಮುಳ್ಳಣ್ಣ ನಗಲಿಲ್ಲ. ಅವನ ಕಣ್ಣು ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದ ಮನೆ ತೆರಿಗೆಯ ರಸೀದಿಯ ಮೇಲಿತ್ತು. 'ವಾಸಕ್ಕೆ ಮಾತ್ರ. ವಿಧವಾ ರಿಯಾಯಿತಿ' ಎಂಬ ನೀಲಿ ಮೊಹರು. ಅಂಗಡಿ ಎಂದು ಬರೆದ ದಿನವೇ ಆ ಮೊಹರು ಹೋಗುತ್ತದೆ, ಕರೆಂಟಿನ ಮೀಟರೂ ಅಂಗಡಿಯ ದರಕ್ಕೆ ಓಡತೊಡಗುತ್ತದೆ. ಅಕ್ಕ ಈಗಲೇ ಎರಡು ಬಲ್ಬಿನಲ್ಲಿ ಒಂದನ್ನು ತೆಗೆದಿಟ್ಟಿದ್ದಳು. ತಮ್ಮನ ನೋಟ ಎಲ್ಲಿದೆಯೆಂದು ತಿಳಿದು, ಏನೋ ಧೂಳು ಒರೆಸುವವಳಂತೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಏನು ನೋಡ್ತೀಯೋ ಅಲ್ಲಿ? ಹಲ್ಲಿ."

"ಹಲ್ಲಿಗೆ ಮೊಹರು ಹೊಡೆದಿದಾರಲ್ಲಕ್ಕಾ."

ಸಹಿ ಹಾಕಿಸದೆಯೇ ಎದ್ದು ಬಂದ. ಹಾಗೆಂದು ಬೇರೆ ದಾರಿಯೂ ಹೊಳೆಯಲಿಲ್ಲ. ಒಂದು ವಾರ ಸಹಿಯಿಲ್ಲದ ಆ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಕೊನೆಗೆ ಅದು ಮಡಿಕೆಯಲ್ಲಿ ಹರಿಯಿತು. ಹೆಂಡತಿ, "ರೀ, ಅತ್ತಿಗೆ ತಾವಾಗಿಯೇ ಒಪ್ಪಿದಾರೆ" ಎಂದು ಒಮ್ಮೆ ಹೇಳಿದಳು. ಅವಳೇ ಸ್ವಲ್ಪ ಹೊತ್ತಾದ ಮೇಲೆ, "ಒಪ್ಪಿದಾರೆ ಅಂತಲೇ ಕಷ್ಟ" ಎಂದಳು. ಇಬ್ಬರೂ ಡಬ್ಬಿ ಕಟ್ಟುತ್ತ ಕೂತರು.

ಸಹಿಯ ಕಾಗದ ಕೈಸೇರದಿದ್ದರೂ, ಇಪ್ಪತ್ತೊಂಬತ್ತನೇ ತಾರೀಖು ಐದನೇ ವಲಯದ ಅಧಿಕಾರಿಣಿ ತನಿಖೆಗೆಂದು ಬಂದಳು. ಮೆಟ್ಟಿಲು ಹತ್ತಿ ಬಂದು ಕುರ್ಚಿಯ ಮೇಲೆ ಕುಸಿದಳು, ನೀರು ಕುಡಿದಳು, ಫೈಲು ತೆರೆದು ಅದನ್ನೇ ದಿಟ್ಟಿಸಿದಳು. ಎಂಬತ್ತೆಂಟು ಮೆಟ್ಟಿಲು ಸರ್ಕಾರಕ್ಕೂ ಒಂದೇ. ಬಂದ ಕಾರಣ ಆಕೆಗೂ ಮರೆತುಹೋಗಿತ್ತು. ಮತ್ತೊಂದು ಲೋಟ ನೀರಿಗೆ ನೆನಪಾಯಿತು.

"ಹೇಳಿ. ಆರ್ಡರ್ ಯಾರು ನೋಡ್ತಾರೆ? ಸರಕು ಎಲ್ಲಿರತ್ತೆ?"

ಮುಳ್ಳಣ್ಣ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿನ ಕಡೆಯಿಂದ ಉಗಿಬಂಡಿ ಬಂದಂಥ ಸದ್ದು ಕೇಳಿಸಿತು. ಬಾಗಿಲಲ್ಲಿ ಅಕ್ಕ. ಆರು ವರ್ಷದಿಂದ ಈ ಮನೆಗೆ ಹತ್ತಿ ಬಂದವಳಲ್ಲ. ಎರಡು ಕೈಯಲ್ಲೂ ಬಾಗಿಲ ಚೌಕಟ್ಟನ್ನು ಹಿಡಿದಿದ್ದಳು. ಬಿಟ್ಟರೆ ಇಬ್ಬರಲ್ಲಿ ಒಬ್ಬರು ಬೀಳುವುದು ಖಂಡಿತ, ಅವಳು ಇಲ್ಲವೇ ಕಟ್ಟಡ.

"ವ್ಯಾಪಾರ ನಂದು" ಎಂದಳು ಉಸಿರಿನ ನಡುವೆ. "ಇವನು... ನನ್ನ ಕೈಕೆಳಗಿನವನು."

"ನೀವು ಯಾರಮ್ಮಾ?"

"ಎದುರು ಮನೆ. ನಾಲ್ಕನೇ ವಲಯ."

ಅಧಿಕಾರಿಣಿ ಮೇಜಿನ ಮೇಲಿಂದ ಸಣ್ಣ ನೀಲಿ ಮುಳ್ಳೊಂದನ್ನು ಎತ್ತಿ ಹಿಡಿದಳು. "ವ್ಯಾಪಾರ ನಿಮ್ಮದಾದ್ರೆ ಹೇಳಿ, ಇದೇನು?"

ಅಕ್ಕ ಕನ್ನಡಕ ತಂದಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. "ಹೇರ್‌ಪಿನ್ನು."

"ಗಡಿಯಾರಕ್ಕೆ ಹೇರ್‌ಪಿನ್ ಹಾಕ್ತಾರಾ?"

"ಕೂದಲಿರೋ ಗಡಿಯಾರಕ್ಕೆ ಹಾಕ್ತಾರೆ."

ಹೆಂಡತಿ ಕೆಮ್ಮಿದಳು. ಅಧಿಕಾರಿಣಿಯ ಪೆನ್ನು ಕಾಗದದ ಮೇಲೆ ನಿಂತಿತ್ತು. ಆಕೆ ಏನನ್ನು ಬೇಕಾದರೂ ಬರೆದುಕೊಳ್ಳಲು ಸಿದ್ಧಳಾಗಿರುವಂತೆ ಕಾಣುತ್ತಿತ್ತು; ಆಕೆಗೂ ಮನೆಗೆ ಹೋಗಬೇಕಿತ್ತು. ಮುಳ್ಳಣ್ಣ ಒಂದು ಸಲ 'ಹೌದು' ಎಂದಿದ್ದರೆ ಮೂರು ವರ್ಷದ ಬಾಕಿ ಆ ಕ್ಷಣಕ್ಕೇ ಮಾಯ. ಅವನು ಅಕ್ಕನ ಕಾಲು ನೋಡಿದ. ಒಂದರಲ್ಲಿ ಚಪ್ಪಲಿ ಇರಲಿಲ್ಲ. ಯಾವ ಮೆಟ್ಟಿಲಿನಲ್ಲಿ ಕಳಚಿತ್ತೋ ಏನೋ, ತಿರುಗಿ ತೆಗೆದುಕೊಳ್ಳಲು ಕೂಡ ನಿಂತಿರಲಿಲ್ಲ.

"ಇವಳ ಮಾತು ಬರ್ಕೋಬೇಡಿ ಮೇಡಂ" ಎಂದ. "ವ್ಯಾಪಾರ ನಂದು. ಸರಕು ಇಲ್ಲೇ ಇರತ್ತೆ, ಆರ್ಡರ್ ನೋಡೋನು ನಾನು, ಡಬ್ಬಿ ಕಟ್ಟೋಳು ನನ್ನ ಹೆಂಡತಿ. ಇವಳು ಬುಟ್ಟಿ ಹಿಡ್ಕೊಳ್ತಾಳೆ ಅಷ್ಟೆ. ಅದಕ್ಕೆ ನಾನು ಒಂದು ಪೈಸೆ ಕೊಟ್ಟಿಲ್ಲ."

"ಲೋ!" ಎಂದಳು ಅಕ್ಕ.

"ಕೂತ್ಕೋ ಅಕ್ಕಾ. ಉಸಿರಾಡು."

ಅಧಿಕಾರಿಣಿ ಬಾಲ್ಕನಿಗೆ ಹೋಗಿ ಹಗ್ಗ ನೋಡಿದಳು, ರಾಟೆ ನೋಡಿದಳು, ಗಂಟೆಯನ್ನು ಬೆರಳಿನಿಂದ ಮೀಟಿದಳು. ಕೆಳಗೆ ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಚಹಾ ಇಟ್ಟಿರಬೇಕು. "ನಮ್ಮ ಫಾರಮ್ಮಿನಲ್ಲಿ ಇದಕ್ಕೆ ಜಾಗ ಇಲ್ಲ" ಎಂದು ಹೇಳಿ ಒಳಗೆ ಬಂದು, ಬಾಕಿಯನ್ನು ಹನ್ನೆರಡು ಕಂತಿನಲ್ಲಿ ಕಟ್ಟಲು ಒಪ್ಪಿದ್ದಾನೆ, ಪರವಾನಗಿ ನವೀಕರಿಸಬಹುದು ಎಂದು ಬರೆದು ಮೊಹರು ಒತ್ತಿದಳು. "ನಾಲ್ಕನೇ ವಲಯದವರ ಬೆನ್ನು ಬಿಡಬೇಡಿ. ಹನ್ನೊಂದು ತಿಂಗಳು ಅಂದ್ರೆ ಹದಿನೆಂಟು ಅಂತ ಅರ್ಥ." ಇಳಿಯುವಾಗ ಎರಡನೇ ಮಹಡಿಯಲ್ಲಿ ಚಪ್ಪಲಿ ಸಿಕ್ಕಿತೆಂದು ಕೆಳಗಿನಿಂದಲೇ ಕೂಗಿ ಹೇಳಿ ಹೋದಳು.

ಮೊದಲ ಕಂತಿಗೆ ಮುಳ್ಳಣ್ಣನ ಹಲ್ಲು ಕಟ್ಟಿಸಲು ಹೆಂಡತಿ ಕೂಡಿಟ್ಟಿದ್ದ ದುಡ್ಡು ಹೋಯಿತು. ಈಗಲೂ ಅವನು ಎಡಗಡೆಯಲ್ಲೇ ಅಗಿಯುತ್ತಾನೆ. ಸಾಫ್ಟ್‌ವೇರಿನಲ್ಲಿ ವಿಳಾಸ ಬದಲಿಸಿದ. ಅದು ಅಭಿನಂದನೆ ಹೇಳಿ ಹಸಿರು ಗುರುತು ಹಾಕಿತು. ಹಸಿರು ಕಂಡರೆ ಅವನಿಗೆ ಮೊದಲಿನಂತೆ ನಿದ್ದೆ ಬರುವುದಿಲ್ಲ. ಪ್ರತಿ ತಿಂಗಳೂ ಯಾವ ವಲಯಕ್ಕೆ ಹೋಯಿತೆಂದು ತಾನೇ ತೆಗೆದು ಓದುತ್ತಾನೆ, ಬೆರಳಿಟ್ಟು, ಎರಡು ಸಲ. ತಿಂಗಳಿಗೊಮ್ಮೆ ಆ ಎರಡು ಮೇಜಿನ ಕೋಣೆಗೂ ಹೋಗಿ ಬರುತ್ತಾನೆ. ಒಂದರಲ್ಲಿ ಕಂತು ಕಟ್ಟಿ, ಇನ್ನೊಂದರಲ್ಲಿ "ಇನ್ನೂ ಬಂದಿಲ್ಲ" ಎನಿಸಿಕೊಂಡು.

ಹಗ್ಗವನ್ನು ಬಿಚ್ಚಿ ನೇರ ಕೆಳಗೆ ಬಿಟ್ಟಿದ್ದಾನೆ. ಬುಟ್ಟಿ ಈಗ ಚರಂಡಿ ದಾಟುವುದಿಲ್ಲ, ತನ್ನ ಕಟ್ಟಡದ ಬಾಗಿಲಿಗೇ ಇಳಿಯುತ್ತದೆ. ಮೊದಲ ದಿನ, ಇನ್ನು ತಾನೇ ಎಂಬತ್ತೆಂಟು ಇಳಿದು ಕೊರಿಯರ್‌ನವನಿಗೆ ಕಾಯಬೇಕಲ್ಲ ಎಂದು ನಿಟ್ಟುಸಿರು ಬಿಟ್ಟು ಬಾಲ್ಕನಿಯಿಂದ ಬಗ್ಗಿ ನೋಡಿದ. ಎದುರು ಮನೆಯ ಬಾಗಿಲು ತೆರೆಯಿತು. ಅಕ್ಕ ಒಂದು ಕುರ್ಚಿಯನ್ನು ಎಳೆದುಕೊಂಡು ಬಂದಳು, ಚರಂಡಿಯ ಹತ್ತಿರ ನಿಂತು ಮೊದಲು ಕುರ್ಚಿಯನ್ನು ಆಚೆಗೆ ದಾಟಿಸಿದಳು, ಆಮೇಲೆ ತಾನು ದಾಟಿದಳು. ಐದನೇ ವಲಯದಲ್ಲಿ ಕುರ್ಚಿ ಹಾಕಿ ಕೂತು ತಲೆ ಎತ್ತಿದಳು.

"ನಾಲ್ಕಾಯ್ತು ಕಣೋ! ಇಳಿಸ್ತೀಯೋ ಇಲ್ವೋ?"