ಬ್ರೆಡ್ಡು ಬಂದ ಮನೆ

ನಾನು ಇನ್ನೂ ಚಿಕ್ಕವನಿದ್ದಾಗ ನಮ್ಮ ಕಮಲಾಪುರದಲ್ಲಿ ಹಸಿದವರು ಯಾರೂ ಬ್ರೆಡ್ಡು ತಿನ್ನುತ್ತಿರಲಿಲ್ಲ. ಹಸಿವಿಗೆ ರೊಟ್ಟಿ ಇತ್ತು. ಬ್ರೆಡ್ಡು ಕಾಯಿಲೆಯವರ ಊಟ. ರೊಟ್ಟಿ ಮುರಿಯುವ ಶಕ್ತಿಯೂ ಉಳಿಯದವರಿಗೆ ಅದನ್ನು ಗುಲಬರ್ಗಾದಿಂದ ತರಿಸಿ, ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಈಗಿನ ಕಲಬುರಗಿಯನ್ನು ಆಗ ಗುಲಬರ್ಗಾ ಎನ್ನುತ್ತಿದ್ದೆವು. ಮೊಮ್ಮಕ್ಕಳೇ, ಇಷ್ಟನ್ನು ಮೊದಲು ತಿಳಿದುಕೊಳ್ಳಿ. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಐದಕ್ಕೆ ಏಳಬೇಕು, ಆರಕ್ಕೆ ಮಗ್ಗಿ ಒಪ್ಪಿಸಬೇಕು, ಏಳಕ್ಕೆ ರೊಟ್ಟಿ. ಅಪ್ಪ ಎರಡು ಮಾತು ಕಲಿಸಿದ್ದ: "ಮನಿಗಿ ಬಂದವರನ್ನ ಯಾಕ ಬಂದ್ರಿ ಅಂತ ಕೇಳಬಾರದು. ಬ್ಯಾನಿ ಸುದ್ದಿ ಬಾಯಾಗ ತರಬಾರದು, ಕರದಂಗ ಆಗ್ತದ." ಬ್ಯಾನಿ ಎಂದರೆ ಕಾಯಿಲೆ. ಈ ಎರಡೂ ಮಾತುಗಳನ್ನು ಇಡೀ ಊರೇ ಪಾಲಿಸುತ್ತಿತ್ತು.

ಒಂದು ದಿನ ಅಪ್ಪ ನನ್ನನ್ನು ಬೆಳಗಿನ ಬಸ್ಸಿಗೆ ಗುಲಬರ್ಗಾಕ್ಕೆ ಕರೆದೊಯ್ದ. ಶರಣಬಸವೇಶ್ವರ ಗುಡಿಯ ದಾರಿಯಲ್ಲಿ ಹೊಸ ಅಂಗಡಿಯೊಂದು ಶುರುವಾಗಿತ್ತು. ಗಾಜಿನ ಕಪಾಟು, ಡಬ್ಬಿಯೊಳಗಿನ ಬಿಸ್ಕಿಟು, ಸೀಸೆಯೊಳಗಿನ ಕೆಂಪು ಜಾಮು, ಮೇಣದ ಕಾಗದ ಸುತ್ತಿದ ಬ್ರೆಡ್ಡು. ಒಳಗಿನಿಂದ ಸ್ವಲ್ಪ ಹುಳಿ, ಸ್ವಲ್ಪ ಸಿಹಿಯಾದ ವಾಸನೆ ಬರುತ್ತಿತ್ತು. ನನಗೆ ಎಂದೂ ಜ್ವರ ಬಂದಿರಲಿಲ್ಲ. ಹಾಗಾಗಿ ಬ್ರೆಡ್ಡಿನ ರುಚಿಯೇ ಗೊತ್ತಿರಲಿಲ್ಲ. ಕೇಳಿದೆ. ಯಾವತ್ತೂ ಏನನ್ನೂ ಕೊಡಿಸದ ಅಪ್ಪ ಅವತ್ತು ಅದೇಕೋ ಹೂಂ ಅಂದ.

ಅಪ್ಪ ಬ್ರೆಡ್ಡು ಎಂದದ್ದೇ ತಡ, ಮುಂದೆ ನಿಂತಿದ್ದ ಐದಾರು ಜನ ಸರಿದು ದಾರಿ ಬಿಟ್ಟರು. ಅಂಗಡಿಯವನು ದನಿ ತಗ್ಗಿಸಿ, "ತಗೊಳ್ರಿ ಸಾಬ್, ಮೊದಲ ನೀವು ನಡೀರಿ," ಎಂದ. ಶಹರದವರು ಎಷ್ಟು ಮರ್ಯಾದಸ್ಥರು ಎಂದು ಅಪ್ಪನಿಗೆ ಸಂತೋಷವಾಯಿತು.

ಚೀಲದಲ್ಲಿ ಕಲ್ಲುಗುಂಡಿನಂಥ ಬೆಲ್ಲದ ಪೆಂಟೆ ಇತ್ತು. ಅದರ ಜೊತೆಗಿಟ್ಟರೆ ಬ್ರೆಡ್ಡು ಅಪ್ಪಚ್ಚಿಯಾಗುತ್ತದೆಂದು ಅಪ್ಪ ಅದನ್ನು ಕೈಯಲ್ಲೇ ಹಿಡಿದುಕೊಂಡ. ಅದೇ ತಪ್ಪಾಯಿತು.

ಮಟಮಟ ಮಧ್ಯಾಹ್ನ ಕಮಲಾಪುರದಲ್ಲಿ ಇಳಿದೆವು. ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂಗುತ್ತಿದ್ದ ಹೆಂಗಸು ನಮ್ಮನ್ನು ಕಂಡು ಕೂಗು ನಿಲ್ಲಿಸಿದಳು. ಹರಟೆ ಹೊಡೆಯುತ್ತಿದ್ದ ಕಟ್ಟೆ ಸುಮ್ಮನಾಯಿತು. ಯಾವುದೋ ಮನೆಯೊಳಗೆ ಕುಟ್ಟುತ್ತಿದ್ದ ಒನಕೆಯ ಸದ್ದೂ ನಿಂತಿತು. ಯಾರೂ ನಮ್ಮ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಅಪ್ಪನ ಕೈಯ ಮೇಲಿತ್ತು. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಜನ ನಿಂತುಬಿಡುತ್ತಿದ್ದರು. ನಾವು ನಡೆದರೆ ಅವರೂ ನಡೆಯುತ್ತಿದ್ದರು.

ಮನೆ ಸೇರಿ ಅಪ್ಪ ಬ್ರೆಡ್ಡನ್ನು ಗೋಡೆಯ ಗೂಡಿನಲ್ಲಿಟ್ಟ. ಒಬ್ಬೊಬ್ಬರಾಗಿ ಓಣಿಯವರು ಬಂದರು, ಚಪ್ಪಲಿ ಬಿಟ್ಟರು, ಗೋಡೆಗೆ ಸಾಲಾಗಿ ಕೂತರು. ಬ್ಯಾನಿಯ ಸುದ್ದಿ ಎತ್ತಬಾರದೆಂದು ಅವರು ಮಾತಾಡಲಿಲ್ಲ. ಬಂದವರನ್ನು ಕೇಳಬಾರದೆಂದು ಅಪ್ಪನೂ ಕೇಳಲಿಲ್ಲ. ಅವ್ವ ನೀರು ಕೊಟ್ಟಳು. ಯಾರೂ ಕುಡಿಯಲಿಲ್ಲ.

"ಇವರೆಲ್ಲಾ ಯಾಕ ಬಂದಾರ?" ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ.

"ನಿನ್ನ ಮಾರಿ ನೋಡಾಕ. ಗುಲಬರ್ಗಾಕ್ಕ ಹೋಗಿ ಬಾಳ ಚಂದ ಆಗ್ಯಾದಲ್ಲ!" ಎಂದು ಅಕ್ಕ ನಕ್ಕಳು. ಆ ನಗು ಅಲ್ಲೇ ಒಣಗಿತು. ಯಾಕೆಂದರೆ ಎಲ್ಲರೂ ಅವಳತ್ತ ತಿರುಗಿ ನೋಡಿದರು.

ಅಷ್ಟರಲ್ಲಿ ಆಯಿ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. ಆಯಿ ಅಪ್ಪನ ತಾಯಿ. ಮುಂಜಾನೆ ಇಪ್ಪತ್ತು ರೊಟ್ಟಿ ಬಡಿದಿದ್ದ ಗಟ್ಟಿ ಮುದುಕಿ. ಗೂಡಿನಲ್ಲಿದ್ದ ಬ್ರೆಡ್ಡು ನೋಡಿದಳು, ಕೂತವರನ್ನು ನೋಡಿದಳು. ಎಲ್ಲರೂ ತಲೆ ತಗ್ಗಿಸಿದರು. ಪಕ್ಕದ ಮನೆಯವಳು ಜಾಗ ಮಾಡಿ, "ಕೂಡ್ರಿ ಆಯಿ, ನಿಂದ್ರಬ್ಯಾಡ್ರಿ," ಎಂದು ಅವಳ ಕೈಯ ಹಿಟ್ಟನ್ನು ತನ್ನ ಸೆರಗಿನಿಂದ ಒರೆಸಿದಳು.

ಆಯಿಯ ದನಿಯೇ ಬದಲಾಯಿತು. "ಊರಿಗೆಲ್ಲಾ ಗೊತ್ತದ. ನನಗೊಬ್ಬಾಕಿಗೇ ಹೇಳಿಲ್ಲಲ್ಲೋ ಮಗನ!"

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆಯಿ ಕೌದಿ ಹಾಸಿ ಮಲಗಿಬಿಟ್ಟಳು. ತನಗೆ ಕೊನೆಗೆ ಉಡಿಸಲು ಹಸಿರು ಇಳಕಲ್ ಸೀರೆ ತೆಗೆದಿಡುವಂತೆ ಅವ್ವನಿಗೆ ಹೇಳಿ ಕಣ್ಣು ಮುಚ್ಚಿದಳು. ಇಬ್ಬರು ಹೆಂಗಸರು ಅವಳ ಪಾದ ತಿಕ್ಕತೊಡಗಿದರು. ನಾನೂ ಮುಟ್ಟಿದೆ. ಹೊರಗೆ ಕೆಂಡದಂಥ ಬಿಸಿಲು; ಆ ಪಾದಗಳು ಮಾತ್ರ ನೀರಿನ ಕೊಡದಂತೆ ತಣ್ಣಗಿದ್ದವು. ಉಸಿರು ಸಣ್ಣಗಾಗುತ್ತಿತ್ತು. ಒಂದು ಗಳಿಗೆಯ ಹಿಂದೆ ಏನೂ ಆಗಿರದ ನನ್ನ ಆಯಿ ನನ್ನ ಕಣ್ಣೆದುರೇ ಸಾಯುತ್ತಿದ್ದಳು.

ಕೂತವರ ಕಣ್ಣು ಬ್ರೆಡ್ಡಿನಿಂದ ಆಯಿಗೆ, ಆಯಿಯಿಂದ ಬ್ರೆಡ್ಡಿಗೆ ಹೋಗಿ ಬರುವುದನ್ನು ಕಂಡಾಗ ನನಗೆ ಎಲ್ಲ ಹೊಳೆಯಿತು. ಓಡಿಹೋಗಿ ಕಾಗದ ಹರಿದೆ, ಎರಡು ತುಂಡು ಒಟ್ಟಿಗೇ ಬಾಯಿಗೆ ತುರುಕಿದೆ. "ಇದು ನಂದು! ನನ್ನ ಸಲುವಾಗಿ ತಂದದ್ದು!" ಎಂದು ಕಿರುಚಿದೆ.

ಎಲ್ಲ ತಲೆಗಳೂ ಒಮ್ಮೆಗೇ ನನ್ನ ಕಡೆ ತಿರುಗಿದವು. ಒಂದು ಕೈ ನನ್ನ ಹಣೆ ಮುಟ್ಟಿತು. ಆಮೇಲೆ ಇನ್ನೊಂದು, ಮತ್ತೊಂದು. ಹತ್ತನೆಯ ಕೈ ಬರುವ ಹೊತ್ತಿಗೆ ನನ್ನ ಹಣೆ ನಿಜವಾಗಿಯೂ ಸುಡುತ್ತಿತ್ತು. ಹಾಗಾದರೆ ಬ್ಯಾನಿ ನನಗೇ ಬಂದಿದೆ, ಯಾರೂ ಹೇಳುತ್ತಿಲ್ಲ ಎಂದುಕೊಂಡೆ.

ಆಗ ಕೌದಿ ಅಲುಗಿತು. ಆಯಿ ಎದ್ದಳು. ಜನರನ್ನು ಎರಡೂ ಕೈಯಿಂದ ಸರಿಸುತ್ತ ಬಂದಳು. "ಸರೀರಿ ಅತ್ಲಾಗ! ಕೂಸಿಗೇನಾಗ್ಯಾದ?" ನನ್ನ ರೆಪ್ಪೆ ಎತ್ತಿ ನೋಡಿದಳು, ನಾಲಿಗೆ ಚಾಚಿಸಿದಳು, ಹೊಟ್ಟೆ ಒತ್ತಿದಳು. "ಇವಗೇನೂ ಆಗಿಲ್ಲ. ಹೊಟ್ಟಿಬಾಕ ಅದಾನ, ಅಷ್ಟ! ಮತ್ತ ಇದು ಯಾರಿಗೋ?"

ಅಪ್ಪ ಅವತ್ತು ತನ್ನ ಎರಡೂ ನಿಯಮಗಳನ್ನು ಒಟ್ಟಿಗೆ ಮುರಿದ. "ಯಾರಿಗೂ ಬ್ಯಾನಿ ಇಲ್ಲ. ಹುಡುಗ ಬೇಡಿದ, ಕೊಡಿಸಿದೆ. ನೀವೆಲ್ಲಾ ಯಾಕ ಬಂದ್ರಿ?"

ಯಾರೂ ನಗಲಿಲ್ಲ. "ಬ್ಯಾನಿ ಇಲ್ಲದ ಮನಿಗಿ ಬ್ರೆಡ್ ತಂದ್ರೇನ್ರೀ?" ಎಂದು ಹಿರಿಯರೊಬ್ಬರು ಮೆಲ್ಲಗೆ ಎದ್ದರು. ಬಂದಂತೆಯೇ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಆಯಿ ಸಂಜೆಗೆ ರೊಟ್ಟಿ ಬಡಿದಳು. ಅವಳ ಪಾದ ಬೆಚ್ಚಗಾಗಲು ಮಾತ್ರ ಎರಡು ದಿನ ಹಿಡಿಯಿತು.

ಮೊನ್ನೆ ನೀವಿಬ್ಬರೂ ನನ್ನನ್ನು ಕಲಬುರಗಿಯ ಖೂಬಾ ಪ್ಲಾಟಿನ ದೊಡ್ಡ ಅಂಗಡಿಗೆ ಕರೆದೊಯ್ದಿರಲ್ಲ, ಅಲ್ಲಿ ತಂಪು ಗಾಳಿ ಬೀಸುತ್ತಿತ್ತು. ಬಟಾಣಿಗೆ ಮಂಜು ಹಿಡಿದಿತ್ತು. ನಮ್ಮ ಖಡಕ್ ರೊಟ್ಟಿಯೂ ಪ್ಲಾಸ್ಟಿಕ್ಕಿನೊಳಗೆ ಸೇರಿತ್ತು. ಬ್ರೆಡ್ಡೇ ಒಂದು ಗೋಡೆಯುದ್ದ ಇತ್ತು, ಕಂದು, ಬಿಳಿ, ಸಿಹಿ. ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಬುಟ್ಟಿಯಲ್ಲೂ ಒಂದಿತ್ತು. ಯಾರೂ ಇನ್ನೊಬ್ಬರ ಬುಟ್ಟಿ ನೋಡುತ್ತಿರಲಿಲ್ಲ. ನಿಮಗೆ ಅದು ಬರೀ ತಿಂಡಿ. ಅದಕ್ಕೆ ನನಗೂ ಸಂತೋಷವೇ.

ನಮ್ಮ ಮುಂದಿದ್ದ ಹೆಣ್ಣುಮಗಳ ಕೈಯಲ್ಲಿ ಬೇರೇನೂ ಇರಲಿಲ್ಲ, ಒಂದೇ ಒಂದು ಬ್ರೆಡ್ಡು. ನನಗೆ ತಡೆಯಲಾಗಲಿಲ್ಲ. "ಮನ್ಯಾಗ ಎಲ್ಲಾರೂ ಆರಾಮ ಅದಾರೇನವ್ವಾ?" ಎಂದು ಕೇಳಿದೆ. "ಮುತ್ಯಾ, ಸುಮ್ನಿರ್ರಿ!" ಎಂದು ನೀವು ನಾಚಿ ನನ್ನ ತೋಳು ಜಗ್ಗಿದಿರಿ. ಅವಳು ನಿಧಾನಕ್ಕೆ ತಿರುಗಿದಳು. ಎಷ್ಟೋ ರಾತ್ರಿ ನಿದ್ದೆಯಿಲ್ಲದ ಕಣ್ಣು.

"ನಿಮಗ ಹ್ಯಾಂಗ ಗೊತ್ತಾತ್ರೀ?" ಎಂದಳು.